ಅಕ್ಕನ ಹೊಲದ ಎರೆಹುಳು

ಊರಿನ ಹೆಸರು ಕೇಳಬೇಡಿ, ಅಲ್ಲಿಯವರು ನಾಚಿಕೊಳ್ಳುತ್ತಾರೆ. ಅಲ್ಲೊಬ್ಬಳು ಚಿಕ್ಕತಾಯಮ್ಮ, ಅವಳಿಗೊಬ್ಬ ಮಗ ಮರಿಸಿದ್ದ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ಮಾಡುತ್ತಿದ್ದ. ಅದೇ ತಾಯಿಯ ಗೋಳು.

ಅವರಿಗಿದ್ದದ್ದು ಒಂದೇ ತುಂಡು ಹೊಲ. ವರ್ಷಕ್ಕೆ ಮೂರು ಸಲ ಟ್ರ್ಯಾಕ್ಟರ್ ಹೊಡೆಸಿ, ಕೊಯ್ದ ಪೈರಿನ ಕೂಳೆ ಸುಟ್ಟು, ಚೀಲಗಟ್ಟಲೆ ಯೂರಿಯಾ ಸುರಿದು, ಸಾಲದ್ದಕ್ಕೆ ಬೇಸಿಗೆಯೂ ವರ್ಷ ವರ್ಷ ಉದ್ದವಾಗಿ, ಮಣ್ಣು ಹಂಚಿನ ಹಾಗೆ ಗಟ್ಟಿಯಾಗಿತ್ತು. ಎಲ್ಲಿ ಅಗೆದರೂ ಒಂದು ಎರೆಹುಳು ಇಲ್ಲ. ಹುಳು ಬರದಿದ್ದರೆ ಈ ಸಲ ಬಿತ್ತಿದ್ದು ಮೇಲೇಳುವುದಿಲ್ಲ ಅಂತ ತಾಯಿಗೆ ದಿಗಿಲು. ಪಕ್ಕದೂರಿನಲ್ಲಿ ಮಗಳು ಕೆಂಪಾಜಿಯ ಹೊಲಕ್ಕೆ ಸಗಣಿ ಗೊಬ್ಬರ, ಮೇಲೆ ಹುಲ್ಲಿನ ಹೊದಿಕೆ. ಅಲ್ಲಿ ಬೊಗಸೆ ಮಣ್ಣಿಗೆ ಹತ್ತು ಹುಳು. ಅಕ್ಕನ ಹೊಲದಿಂದ ಒಂದಷ್ಟು ತಾ ಅಂತ ಮಗನನ್ನು ಕಳಿಸಿದಳು.

ಮರಿಸಿದ್ದ ಹುಳುಗಳನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ, ಸುಡುವ ಮಧ್ಯಾಹ್ನದಲ್ಲಿ ತಲೆ ಮೇಲೆ ಹೊತ್ತು ತಂದ. ಬಿಚ್ಚಿ ನೋಡಿದರೆ ಒಣಗಿದ ದಾರದ ಎಳೆಗಳು.

"ಬಿಸಿಲು ತಾಕಿಸ್ಬಾರ್ದು ಕಣ್ಲಾ. ಒದ್ದೆ ಗೋಣೀಲಿ ಸುತ್ಕೊಂಡು, ನೀರು ಚಿಮುಕಿಸ್ಕೊಂಡು ತರ್ಬೇಕು," ಅಂದಳು ತಾಯಿ.

ಹಂಗೇ ಆಗಲಿ ಅಂದ.

ಮುಂದಿನ ವಾರ ಅಕ್ಕನ ಮನೆಯಿಂದ ಬಿತ್ತನೆ ಅವರೆ ತರಬೇಕಿತ್ತು. ಒದ್ದೆ ಗೋಣಿಯಲ್ಲಿ ಸುತ್ತಿದ, ಬಾವಿ ಕಂಡಲ್ಲೆಲ್ಲ ನೀರು ಚಿಮುಕಿಸಿದ, ಮರ ಕಂಡಲ್ಲೆಲ್ಲ ನೆರಳಿಗೆ ಕೂತ. ಮೂರನೇ ದಿನ ಮನೆ ಮುಟ್ಟಿದಾಗ ಅವರೆ ಮೊಳೆತು ಹುಳಿ ವಾಸನೆ ಹೊಡೆಯುತ್ತಿತ್ತು. ತಾಯಿ ಹಣೆ ಚಚ್ಚಿಕೊಂಡು, ಗೋಣಿ ಸಮೇತ ಹೊಲದ ಮೂಲೆಗೆ ಎಸೆದಳು. ಬೀಜ ಕೆಡದಂತೆ ಬೂದಿ ಬೆರೆಸಿ ತರಬೇಕಿತ್ತು ಅಂತ ಬೈದಳು.

ಮತ್ತೆ ಹುಳು ತರಲು ಹೋದ. ಬೂದಿ ಬೆರೆಸಿ ತಂದ. ಒಂದೂ ಮಿಸುಕಲಿಲ್ಲ.

ಈ ಸಲ ತಾಯಿ ಬೈಯಲಿಲ್ಲ, ಅತ್ತೇಬಿಟ್ಟಳು. "ಅಕ್ಕನ ಹೊಲದಲ್ಲೇ ಬಿಟ್ಟಿದ್ರೆ ಬದುಕ್ಕೊಂತಿದ್ವಲ್ಲೋ."

ಮರಿಸಿದ್ದನ ತಲೆ ಮೊಸರುಗಡಿಗೆಯಾಯಿತು. ಒದ್ದೆ ಮಾಡು ಅಂದರು, ಮಾಡಿದರೆ ತಪ್ಪು. ಬೂದಿ ಹಾಕು ಅಂದರು, ಹಾಕಿದರೆ ತಪ್ಪು. ಪಾಪ, ಅವ್ವನ ಕಣ್ಣೀರು ನೋಡಲಾರದೆ ಈ ಮಾತನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡ.

ಆ ವರ್ಷ ತಾಯಿ ಟ್ರ್ಯಾಕ್ಟರಿಗೆ ಹೇಳಿರಲಿಲ್ಲ. ಮಳೆ ತಡವಾಗಿಯಾದರೂ ಬಂತು. ಮೂಲೆಯಲ್ಲಿ ಬಿದ್ದಿದ್ದ ಗೋಣಿ ಎತ್ತಿದರೆ, ಕೊಳೆತ ಅವರೆಯ ಕೆಳಗೆ ಎರೆಹುಳುಗಳು! ಬದುವಿನ ಕಡೆಯಿಂದ ತಾವಾಗಿಯೇ ಬಂದಿದ್ದವು. ತಾಯಿಗೆ ಹೋದ ಜೀವ ಬಂದಂತಾಯಿತು.

"ಇದ್ರಲ್ಲಿ ಒಂದೂ ಸಾಯ್ಬಾರ್ದು ಕಣ್ಮಗ. ನೀನೇ ನೋಡ್ಕೊ," ಅಂದವಳು ಬೀಜ ಕೇಳಲು ಊರೊಳಗೆ ಹೋದಳು.

ಸಂಜೆ ಬಂದರೆ ಗೋಣಿಯೂ ಇಲ್ಲ, ಹುಳುವೂ ಇಲ್ಲ. ಮರಿಸಿದ್ದ ಮುಖ ಅರಳಿಸಿಕೊಂಡು ಬದುವಿನ ಮೇಲೆ ಕೂತಿದ್ದ.

"ಒದ್ದೆ ಗೋಣೀಲಿ ಸುತ್ದೆ, ಬಿಸಿಲು ತಾಕಿಸ್ಲಿಲ್ಲ, ಬೂದಿ ಸೋಕಿಸ್ಲಿಲ್ಲ. ಒಂದೂ ಸಾಯ್ಲಿಲ್ಲ ಕಣವ್ವ," ಅಂದ. "ಎಲ್ಲಾನೂ ಅಕ್ಕನ ಹೊಲಕ್ಕೆ ಬಿಟ್ಟು ಬಂದೆ."

ತಾಯಿ ಬೈಯಲು ಬಾಯಿ ತೆರೆದಳು. ಎಲ್ಲಿ ತಪ್ಪಿದ ಅಂತ ಹುಡುಕಿದಳು. ಒಂದೊಂದೂ ಅವಳೇ ಹೇಳಿದ್ದು. ಇನ್ನೊಂದು ಬುದ್ಧಿಮಾತು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.