ಹನ್ನೆರಡು ಕಾಲದ ಗೋಡೆ

"ಹನ್ನೆರಡೂ ಕಾಲ ನನಗ ಬರ್ತಾವ್ರಿ ಮಾಸ್ತರ. ಬಾಯಿ ತೆರದ್ರ ಮಾತ್ರ ಒಂದೂ ಹೊರಗ ಬರವಲ್ದು. ಯಾಕ್ರಿ?" ಎಂದು ದ್ರಾಕ್ಷಾಯಿಣಿ ಕೇಳಿದಳು.

ಕೇಳಿದ್ದು ಚನ್ನಮಲ್ಲಪ್ಪ ಮಾಸ್ತರರನ್ನು. ಆ ಊರಿನಲ್ಲಿ ಇಂಗ್ಲಿಷ್ ಹೇಳಿಕೊಡುವವರು ಅವರೊಬ್ಬರೇ. ಆಚೆ ಊರಿನಲ್ಲಿ ಇನ್ನೊಬ್ಬರಿದ್ದರು. ಆದರೆ ಆತ ಸೀನುವ ಮೊದಲೂ ತಮ್ಮ ಅಪ್ಪಣೆ ಕೇಳುತ್ತಾನೆಂದು ಮಾಸ್ತರರು ಹೇಳುತ್ತಿದ್ದರು. ಅವರ ಪಡಸಾಲೆಯ ಗೋಡೆ ತುಂಬ ಇಂಗ್ಲಿಷ್ ಕ್ರಿಯಾಪದದ ಹನ್ನೆರಡು ಕಾಲಗಳನ್ನು ಚೌಕ ಹಾಕಿ ಮನೆ ಮನೆಯಾಗಿ ಬರೆದಿತ್ತು. ಭೂತಕ್ಕೆ ಕೆಂಪು ಬಣ್ಣ, ವರ್ತಮಾನಕ್ಕೆ ಹಸಿರು, ಭವಿಷ್ಯಕ್ಕೆ ನೀಲಿ. "ಲಂಡನ್ನಿನ ಮಂದಿ ತಮ್ಮ ಮಾತು ಮರೆತ್ರ ಈ ಗ್ವಾಡಿ ಹುಡುಕ್ಕೊಂಡು ಇಲ್ಲಿಗೇ ಬರಬೇಕು" ಎಂಬುದು ಅವರ ದಿನದ ಮೊದಲ ಪಾಠ.

ದ್ರಾಕ್ಷಾಯಿಣಿ ಊರಾಚೆಯ ಮೆಟ್ಟಿಲುಬಾವಿಯ ಮುಂದೆ ಮಂಡಕ್ಕಿ ಮಿರ್ಚಿ ಮಾರುತ್ತಿದ್ದಳು. ಹಿಂದೆ ರಾಣಿಯೊಬ್ಬಳು ಕಟ್ಟಿಸಿದ ಆ ಬಾವಿಯ ಕತೆಯನ್ನು ಅವಳು ಕನ್ನಡದಲ್ಲಿ ಹೇಳತೊಡಗಿದರೆ ಕೇಳುವವರ ಕೈಯಲ್ಲಿ ಮಿರ್ಚಿ ತಣ್ಣಗಾಗುತ್ತಿತ್ತು. ಮರುದಿನ ಬೆಳಿಗ್ಗೆ ಪರೀಕ್ಷೆ. ಅದೇ ಕತೆಯನ್ನು ಪರದೇಶದಿಂದ ಬಂದವರ ಮುಂದೆ ಇಂಗ್ಲಿಷಿನಲ್ಲಿ ಹೇಳಬೇಕು. ಗೆದ್ದರೆ ಕೊರಳಿಗೆ ಗೈಡ್ ಬಿಲ್ಲೆ. ಸೋತರೆ ಮತ್ತೆ ಎಣ್ಣೆಯ ಬಾಣಲೆ.

"ನಿನ್ನೆ ಬಾವಿ ನೋಡಾಕ ಪರದೇಶದವರು ಇಬ್ಬರು ಬಂದಿದ್ರು ಮಾಸ್ತರ. 'ಕ್ವೀನ್' ಅಂದೆ. ಮುಂದಿಂದು ಯಾವ ಕಾಲ ಅಂತ ನಿಮ್ಮ ಗ್ವಾಡಿ ನೆನಸ್ಕೊಂಡು ಮ್ಯಾಲ ನೋಡಿದೆ. ಅವರೂ ಮ್ಯಾಲ ನೋಡಿದ್ರು. ಯಾವುದೋ ಹಕ್ಕಿ ಕುಂತೈತಿ ಅಂತ ಫೋಟೋ ಹೊಡಕೊಂಡು ಹೋಗಿಬಿಟ್ರು."

ಪಡಸಾಲೆಯಲ್ಲಿ ಪಾಠಕ್ಕೆ ಕುಳಿತವರೆಲ್ಲ ನಕ್ಕರು. ಎಲ್ಲರಿಗಿಂತ ಮೊದಲು ಮಾಸ್ತರರ ಹೊಟ್ಟೆ ನಕ್ಕಿತು. ಅವಳ ಕಣ್ಣು ತುಂಬಿದ್ದು ಕಂಡು ಅದೂ ಸುಮ್ಮನಾಯಿತು.

"ಕೂಡು ತಂಗಿ. ಒಂದು ಕತಿ ಹೇಳ್ತೀನಿ. ಸುಳ್ಳು ಅನ್ನಿಸಿದಲ್ಲಿ ನಗು, ಖರೆ ಅನ್ನಿಸಿದಲ್ಲಿ ಸುಮ್ನಿರು" ಎಂದು ಮಾಸ್ತರರು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಅಪ್ಪ ಬಿತ್ತಿದ ಸಾಲು ಎಷ್ಟು ನೆಟ್ಟಗಿರುತ್ತಿತ್ತೆಂದರೆ, ಪಕ್ಕದಲ್ಲಿ ನೂಲು ಹಿಡಿದರೆ ನೂಲೇ ಸೊಟ್ಟ ಕಾಣುತ್ತಿತ್ತು. ಊರ ಬಡಗಿ ಹಲಗೆ ಕೊಯ್ಯುವ ಮೊದಲು ಆ ಹೊಲಕ್ಕೆ ಹೋಗಿ ತನ್ನ ಕಣ್ಣು ಸರಿಮಾಡಿಕೊಂಡು ಬರುತ್ತಿದ್ದ. ಅಪ್ಪ ತೀರಿಕೊಂಡ. ಬಿತ್ತುವ ಕೂರಿಗೆ ಮಗನ ಕೈಗೆ ಬಂತು.

ಆ ಊರಿನಲ್ಲೊಂದು ಪದ್ಧತಿ. ಯಾರೇ ಮೊದಲ ಸಲ ಬಿತ್ತಲಿ, ಮೊಳಕೆ ಕಂಡ ಮೇಲೆ ಊರವರು ಬದುವಿನ ಮೇಲೆ ಕುಳಿತು ಸಾಲು ನೋಡುತ್ತಿದ್ದರು. ಸೊಟ್ಟ ಕಂಡರೆ ಬಿಡುತ್ತಿರಲಿಲ್ಲ. "ಬಿತ್ತಿದಾಂವ ನೀನೋ, ಹರದು ಹೋದ ಹಾವೋ?" ಎನ್ನುತ್ತಿದ್ದರು.

ಮಗ ಹೆದರಿದ. ಕೂರಿಗೆಯನ್ನು ಹೊಲಕ್ಕೆ ಒಯ್ಯಲಿಲ್ಲ, ಕಣಕ್ಕೆ ಒಯ್ದ. ಕಣವೆಂದರೆ ರಾಶಿ ಮಾಡಲು ಸಗಣಿ ಬಳಿದು ಗಟ್ಟಿ ಮಾಡಿದ ನೆಲ. ಅಲ್ಲಿ ಎತ್ತು ಹೂಡಿ, ಬೀಜವಿಲ್ಲದ ಬರಿ ಕೂರಿಗೆಯನ್ನು ಎಳೆದ. ಕಾಲಬುಡದಲ್ಲೇ ಕಣ್ಣು ನೆಟ್ಟು ಎಳೆದ. ಗೆರೆ ಅಳಿಸಿದ, ಮತ್ತೆ ಎಳೆದ. ಸಣ್ಣ ಕಣದ ಗಿಡ್ಡ ಗೆರೆ ದಿನೇ ದಿನೇ ನೆಟ್ಟಗಾಯಿತು.

ಮಳೆ ಸುರಿದು ನಿಂತಿತು. ಹೊಲಕ್ಕೆ ಹದ ಬಂತು. ಊರೆಲ್ಲ ಬಿತ್ತಿತು. ಮಗ "ಇನ್ನೊಂದು ಗೆರೆ" ಎಂದು ಕಣದಲ್ಲೇ ಉಳಿದ. ಎತ್ತುಗಳಿಗೆ ಬೇಸರ ಬಂದು, ತಾವೇ ಹೊಲದ ದಾರಿ ಹಿಡಿದವಂತೆ. ನನ್ನ ಕಡೆ ಪಾಠ ಕಲಿತ ಎತ್ತೇ ಇರಬೇಕು. ಅವನು ಹಗ್ಗ ಜಗ್ಗಿ ವಾಪಸು ತಂದ.

ಎರೆಮಣ್ಣು ಅಂಚಿನಿಂದ ಒಣಗತೊಡಗಿತು. ಆಗ ತಾಯಿ ಜೋಳದ ಬೀಜವನ್ನು ಉಡಿಯಲ್ಲಿ ತುಂಬಿಕೊಂಡು ಕಣಕ್ಕೆ ಬಂದಳು.

"ನಡಿ ಹೊಲಕ್ಕ" ಎಂದಳು.

"ಸಾಲು ಸೊಟ್ಟಾದ್ರ ಅಪ್ಪನ ಹೆಸರು ಹೋಗತೈತಿ ಯವ್ವಾ."

"ಬಿತ್ತಲಿಲ್ಲಂದ್ರ ಅಪ್ಪನ ಬೀಜಾನೂ ಹೋಗತೈತಿ. ನಡಿ."

ಮಗ ಎತ್ತು ಹೊಡೆದ. ತಾಯಿ ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟಳು. ಕಣದಲ್ಲಿ ರೂಢಿಯಾದಂತೆ ಅವನು ಕಾಲಬುಡ ನೋಡಿದ. ಸಾಲು ಸೊಟ್ಟಾಯಿತು. ಬಗ್ಗಿ ನೋಡಿದ. ಇನ್ನಷ್ಟು ಸೊಟ್ಟಾಯಿತು. ಗಾಬರಿಯಾಗಿ ಎತ್ತು ನಿಲ್ಲಿಸಿದ.

"ನಿಲ್ಲಬ್ಯಾಡೋ, ನಿಂತಲ್ಲೇ ಬೀಜ ಗುಡ್ಡಿ ಬೀಳತೈತಿ" ಎಂದಳು ತಾಯಿ. "ನಿಮ್ಮಪ್ಪ ಎಂದೂ ಕಾಲಬುಡ ನೋಡ್ತಿದ್ದಿಲ್ಲ. ಆ ತುದಿ ಬದುವಿನ ಬನ್ನಿ ಗಿಡ ನೋಡ್ತಿದ್ದ. ಎಲ್ಲಿಗೆ ಹೋಗೂದೈತಿ, ಅಲ್ಲಿ ನೋಡು."

ಮಗ ತಲೆ ಎತ್ತಿ ಬನ್ನಿ ಗಿಡ ನೋಡಿದ. ನೋಡುತ್ತ ನಡೆದ. ಕೂರಿಗೆ ತಾನಾಗಿ ಅವನ ಕಣ್ಣಿನ ಹಿಂದೆ ಬಂತು.

ಮೊಳಕೆ ಒಡೆಯಿತು. ಊರವರು ಬದುವಿನ ಮೇಲೆ ಕುಳಿತರು. ಮೊದಲ ಸಾಲು ಕಂಡು ಹೊಟ್ಟೆ ಹಿಡಿದು ನಕ್ಕರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಗಲು ಏನೂ ಉಳಿದಿರಲಿಲ್ಲ. ಸುಗ್ಗಿಯಲ್ಲಿ ಸೊಟ್ಟ ಸಾಲಿನ ತೆನೆ, ನೆಟ್ಟ ಸಾಲಿನ ತೆನೆ ಒಂದೇ ರಾಶಿಗೆ ಬಿದ್ದವು. ನಕ್ಕವರೂ ಆ ಜೋಳದ ರೊಟ್ಟಿ ತಿಂದರು. ಯಾವ ರೊಟ್ಟಿ ಯಾವ ಸಾಲಿನದೆಂದು ಒಬ್ಬರೂ ಕೇಳಲಿಲ್ಲ.

ಕತೆ ನಿಲ್ಲಿಸಿ ಮಾಸ್ತರರು ಕಿಟಕಿ ತೆರೆದರು. ಊರಾಚೆ ಬಾವಿಯ ಮಂಟಪ ಕಾಣುತ್ತಿತ್ತು.

"ಅದನ್ನ ನೋಡಿ ಹೇಳು" ಎಂದರು.

ದ್ರಾಕ್ಷಾಯಿಣಿ ನೋಡಿದಳು. ಮೊದಲಿಗೆ ಬರಿ ಕಲ್ಲು ಕಂಡಿತು. ಆಮೇಲೆ ಮಂಟಪದ ನೆರಳಿನಲ್ಲಿ ರಾಣಿ ಬಂದು ನಿಂತಳು. ಅವಳು ಎಂದೋ ಆಗಿಹೋದವಳು. ಕಲ್ಲಿನ ಸಂದಿಯಲ್ಲಿ ಗೂಡು ಕಟ್ಟಿದ ಪಾರಿವಾಳ ಈಗಲೂ ಅಲ್ಲೇ ಇತ್ತು. ಮುಂದಿನ ಮಳೆಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಏರಲಿತ್ತು. ಯಾವುದು ಆದದ್ದು, ಯಾವುದು ಇರುವುದು, ಯಾವುದು ಬರುವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಎ ಕ್ವೀನ್ ಬಿಲ್ಟ್ ದಿಸ್ ವೆಲ್" ಎಂದಳು. ಪಾರಿವಾಳದ ಬಗ್ಗೆ ಹೇಳಿದಳು. ಅಲ್ಲಿ ಒಂದು ಮಾತು ಸೊಟ್ಟಾಯಿತು. ಸೊಟ್ಟಾದದ್ದು ಅವಳಿಗೂ ಗೊತ್ತಾಯಿತು. ನಿಲ್ಲಲಿಲ್ಲ. ಬರಲಿರುವ ಮಳೆಯ ನೀರನ್ನು ಮಂಟಪದ ತನಕ ಏರಿಸಿಯೇ ಉಸಿರು ಬಿಟ್ಟಳು.

ಪಡಸಾಲೆಯಲ್ಲಿ ಯಾರೂ ನಗಲಿಲ್ಲ.

ಅವಳ ಮುಖ ಅರಳಿತ್ತು. ಆದರೂ ರೂಢಿ ಬಿಡದು. "ನಡುವ ಒಂದು ಸೊಟ್ಟಾತ್ರಿ ಮಾಸ್ತರ. ಅದು ಯಾವ ಮನಿದು ಅಂತ ಒಮ್ಮೆ ಗ್ವಾಡಿ ನೋಡಿಬಿಡ್ಲೇನ್ರಿ?" ಎಂದು ತಿರುಗಿದಳು.

ಮಾಸ್ತರರು ಎದ್ದು, ಜಿಲ್ಲೆಯಲ್ಲೇ ಅಗಲವಾದ ತಮ್ಮ ಬೆನ್ನನ್ನು ಗೋಡೆಗೆ ಅಡ್ಡ ಕೊಟ್ಟು ನಿಂತರು.

"ನಾಳೆ ಬರೋರು ಬಾವಿ ನೋಡಾಕ ಬರ್ತಾರ ತಂಗಿ, ನನ್ನ ಗ್ವಾಡಿ ನೋಡಾಕ ಅಲ್ಲ."