ದಡಗೂಗಿಗೊಂದು ಸಾಲು

ನಿಮ್ಮಲ್ಲಿ ಯಾರೂ ಹುಟ್ಟಿರದ ಕಾಲದ ಮಾತು. ಹೊಳೆಯ ಈಚೆ ದಡದ ಒಂದೂರಲ್ಲಿ ಸಾವಂತ್ರೆವ್ವ ಅನ್ನುವಾಕಿ ಇದ್ದಳಂತೆ. ಗಂಡ ಯಮನಪ್ಪ ದೋಣಿ ನಡೆಸುತ್ತಿದ್ದ. ಹೊಳೆಗೆ ಸೇತುವೆ ಬಂತು, ದೋಣಿ ನಿಂತಿತು, ಅದಾದ ಸ್ವಲ್ಪ ದಿನಕ್ಕೆ ಯಮನಪ್ಪನೂ ಹೋದ. ಮಕ್ಕಳಿರಲಿಲ್ಲ. ಮನೆಯಲ್ಲಿ ಮಾತೆಂಬುದೇ ಇಲ್ಲವಾಯಿತು. ಆಗ ಸಾವಂತ್ರೆವ್ವ ಊರ ಗ್ರಂಥಾಲಯಕ್ಕೆ ಹೋಗಿ ಓದಲು ಕೂತಳಂತೆ.

ಆಗಷ್ಟೇ ಯಾರೋ ಪುಣ್ಯಾತ್ಮರು ಅಂತರ್ಜಾಲದಲ್ಲಿ ಒಂದು ಕನ್ನಡ ನಿಘಂಟು ಕಟ್ಟುತ್ತಿದ್ದರು. ಬರೀ ಅರ್ಥ ಕೊಟ್ಟರೆ ಸಾಲದು, ಆ ಪದವನ್ನು ಯಾರು, ಯಾವ ಪುಸ್ತಕದಲ್ಲಿ, ಯಾವ ಸಾಲಲ್ಲಿ ಬಳಸಿದ್ದಾರೆ ಎಂಬುದನ್ನೂ ಕೆಳಗೆ ಕಾಣಿಸಬೇಕು. ಸಾಲು ಹುಡುಕಿ ಯಾರು ಬೇಕಾದರೂ ಕಳಿಸಬಹುದಿತ್ತು. ಸಾವಂತ್ರೆವ್ವ ಕಳಿಸತೊಡಗಿದಳು. ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದಳು ಅಂತಾರೆ. ಗೆದ್ದಲು ತಿಂದ ಹಾಳೆಯ ಮೇಲೆ ಕೈಯಾಡಿಸಿದರೆ ಹೋದ ಅಕ್ಷರ ಅವಳ ಬಾಯಿಗೆ ಬರುತ್ತಿತ್ತು ಅಂತಾರೆ. ಬಸ್ಸಿನಲ್ಲಿ ಯಾರಾದರೂ ಪದ್ಯ ತಪ್ಪಿ ಹೇಳಿದರೆ ಹಿಂದಿನ ಸೀಟಿನಿಂದ ಭುಜ ತಟ್ಟಿ ತಿದ್ದುತ್ತಿದ್ದಳಂತೆ. ಹಾಗಾಗಿ ಅವಳು ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ಅವಳಿಗದು ಗೊತ್ತಿತ್ತು.

ಒಂದು ದಿನ ಆ ನಿಘಂಟಿನಲ್ಲಿ 'ದಡಗೂಗು' ಅಂತ ಹುಡುಕಿದಳು. ಸಂಜೆ ದೋಣಿ ಕಟ್ಟುವ ಮುಂಚೆ, ಆಚೆ ದಡದಲ್ಲಿ ಯಾರಾದರೂ ಉಳಿದಿದ್ದಾರೇನೋ ಅಂತ ಅಂಬಿಗ ಹಾಕುವ ಕೊನೆಯ ಕೂಗು ಅದು. ನಿಘಂಟಿನಲ್ಲಿ ಇರಲಿಲ್ಲ. ಅರ್ಥ ಬರೆದು ಕಳಿಸಿದಳು. ನಿಘಂಟನ್ನು ನೋಡಿಕೊಳ್ಳುತ್ತಿದ್ದ ಅನಂತಶಯನ ಎಂಬಾತ, ಗಂಡನ ಬಾಯಲ್ಲಿ ಕೇಳಿದ್ದು ಸಾಲದು, ಬರೆದವರ ಸಾಲು ಬೇಕು, ಇಲ್ಲದಿದ್ದರೆ ತೆಗೆಯಬೇಕಾಗುತ್ತದೆ ಎಂದು ಮೆತ್ತಗೆ ತಿಳಿಸಿದ. ಅವನ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ. ಅದೇ ನಿಯಮ ತೋರಿಸಿ ಎಷ್ಟೋ ಜನರ ಪದಗಳನ್ನು ತೆಗೆಸಿದವಳು ಅವಳೇ.

ಹುಡುಕಿದಳು, ಹುಡುಕಿದಳು, ಊರೂರು ತಿರುಗಿ ಹುಡುಕಿದಳು. ಇಲ್ಲದ ಕವಿಯೊಬ್ಬನ ಹೆಸರಲ್ಲಿ ತಾನೇ ಒಂದು ಸಾಲು ಕಟ್ಟಿದಳು, ಚೆಂದವೇ ಇತ್ತು, ಆದರೆ ಅಳಿಸಿಬಿಟ್ಟಳು ಅಂತಾರೆ. ಆ ಪದ ಇನ್ನೊಬ್ಬರ ಬಾಯಲ್ಲೂ ಇತ್ತು ಅನ್ನುವುದು ಅವಳಿಗೆ ಬೇಕಿತ್ತು.

ಕೊನೆಗೆ ಆಚೆ ದಡದ ಊರಲ್ಲಿ ಹುಸೇನಬಿ ಎಂಬ ಮುದುಕಿ ಹಿಂದೊಮ್ಮೆ ಪದ್ಯದ ಪುಸ್ತಕ ಅಚ್ಚು ಹಾಕಿಸಿದ್ದಳು ಅನ್ನುವ ಸುದ್ದಿ ಬಂತು. ಸಾವಂತ್ರೆವ್ವ ಸೇತುವೆ ದಾಟಿ ಹೋದಳು. ಹುಸೇನಬಿ ಮನೆಯಲ್ಲಿ ಒಬ್ಬಳೇ ಇದ್ದಳು. ಕೊಳ್ಳುವವರಿಲ್ಲದೆ ಉಳಿದ ಪುಸ್ತಕಗಳ ಕಟ್ಟಿನಿಂದ ಒಂದನ್ನು ಎಳೆದು ಕೊಟ್ಟಳು. ಸಾವಂತ್ರೆವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಓದಿದಳು. ನಡುವೆ ಒಂದು ಕಡೆ ಇತ್ತು: "ದಡಗೂಗಿಗೆ ಓಗೊಟ್ಟೆ, ದೋಣಿ ಬಂತು, ನಾನು ಹತ್ತಲಿಲ್ಲ."

ಸಾವಂತ್ರೆವ್ವ ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳಂತೆ. ಯಮನಪ್ಪ ಕೆಲವು ಸಂಜೆ ತಡವಾಗಿ ಮನೆಗೆ ಬರುತ್ತಿದ್ದ. ಆಚೆಯಿಂದ ಯಾರೋ ಓ ಅಂದರು, ಹೋಗಿ ನೋಡಿದರೆ ಯಾರೂ ಇಲ್ಲ, ಅನ್ನುತ್ತಿದ್ದ. ಅವಳು ನಂಬದೆ ಜಗಳ ತೆಗೆಯುತ್ತಿದ್ದಳು.

"ಅಂವಾ ನನ್ನ ಗಂಡ. ನಿನ್ನ ಸಲುವಾಗಿ ಹೊಳಿ ದಾಟಿ ಬರತಿದ್ದ," ಅಂದಳು.

"ಗೊತ್ತೈತವ್ವಾ. ಜಾಲಿಗಿಡದ ಹಿಂದ ಮರಿಗೆ ನಿಂತು ನೋಡತಿದ್ದೆ," ಅಂದಳು ಹುಸೇನಬಿ. "ನನ್ನ ಕರಿಯೋರು ಯಾರೂ ಇರಲಿಲ್ಲ. ಅದೊಂದ ಕೂಗು. ಓ ಅನ್ನಬೇಕು ಅನಿಸತಿತ್ತು."

ಸಾವಂತ್ರೆವ್ವ ಬೈಯಲಿಲ್ಲ. ನಿಘಂಟಿನಲ್ಲಿ ಈ ಸಾಲಿನ ಕೆಳಗೆ ನಿನ್ನ ಹೆಸರು ಪೂರ್ತಿ ಹಾಕಲೇನು ಅಂತ ಕೇಳಿದಳು. ಪೂರ್ತಿ ಹಾಕು ಅಂದಳು ಹುಸೇನಬಿ.

ಆಮೇಲೆ ಅವರಿಬ್ಬರೂ ಮತ್ತೆ ಭೇಟಿಯಾದರು ಅನ್ನುವವರಿದ್ದಾರೆ, ಇಲ್ಲ ಅನ್ನುವವರೇ ಹೆಚ್ಚು. ಪದ ಮಾತ್ರ ನಿಘಂಟಿನಲ್ಲಿ ಉಳಿಯಿತು, ಜೊತೆಗೆ ಆ ಸಾಲು, ಹುಸೇನಬಿಯ ಹೆಸರು. ಸಾವಂತ್ರೆವ್ವನ ಹೆಸರು ಎಲ್ಲೂ ಇಲ್ಲ. ಕಳಿಸಿದವರ ಹೆಸರು ಹಾಕುವ ರೂಢಿ ಅಲ್ಲಿರಲಿಲ್ಲ.

ಈಗಲೂ ಸಾವಂತ್ರೆವ್ವನ ಊರಲ್ಲಿ ಯಾರೂ ಇನ್ನೊಬ್ಬರ ಒಳ್ಳೆಯ ಮಾತನ್ನು ತಮ್ಮದೆಂಬಂತೆ ಆಡುವುದಿಲ್ಲ. ಇದು ಇಂಥವರ ಮಾತು ಅಂತ ಮೊದಲು ಅನ್ನುತ್ತಾರೆ, ಆಮೇಲೆ ಹೇಳುತ್ತಾರೆ. ಯಾರದೆಂದು ಗೊತ್ತಿಲ್ಲದಿದ್ದರೆ ಹೆಸರಿನ ಜಾಗದಲ್ಲಿ ಒಂದು ಗಳಿಗೆ ಸುಮ್ಮನಿರುತ್ತಾರೆ. ಎದುರಿಗಿದ್ದವರೂ ಕಾಯುತ್ತಾರೆ.