ಮಾವ ಇನ್ನೂ ಹಸಿ

ಒಂದೂರಾಗ ತುಳಜವ್ವ ಅಂತ ಒಬ್ಬಾಕಿ. ಅರಿವಿ ಮ್ಯಾಲ ಬಣ್ಣದ ಅಚ್ಚು ಒತ್ತಿ ಹೊಟ್ಟಿ ಹೊರಕೊಳ್ಳಾಕಿ. ಆಕೀಗೆ ಒಬ್ಬನ ಮಗ, ಪುಂಡ್ಲೀಕ. ಎತ್ತಿನಂಥಾ ಮೈ, ತಲ್ಯಾಗ ಬರೇ ಹೊಟ್ಟು. ಹೇಳಿದ್ದನ್ನ ಹೇಳಿದಂಗ ಮಾಡಾಂವ ನೋಡ್ರಿ, ಅದ ಅವನ ರೋಗ!

ಇಂಥವಗ ಹೆಣ್ಣು ಕೊಡೋರು ಯಾರು? ಕಡೀಕ ಆಚಿ ಊರಿನ ಬಾಬಣ್ಣ, ಅವನೂ ಹಳೇ ಅಚ್ಚಿನಾಂವ, ಹೇಳಿ ಕಳಿಸಿದ: "ಶುಕ್ರವಾರ ಬರ್ತೀನಿ. ಹುಡುಗ ನನ್ನೆದುರಿಗೆ ಒಂದು ಸೀರಿ ಒತ್ತಲಿ. ಸಾಲು ನೆಟ್ಟಗಿದ್ರ ಮಗಳ್ನ ಕೊಡ್ತೀನಿ!"

ಇದೂ ತಪ್ಪಿದ್ರ ಮಗಗ ಲಗ್ನನ ಇಲ್ಲ. ತುಳಜವ್ವಗ ನಿಂತಲ್ಲಿ ನಿಲ್ಲಾಕ ಆಗವಲ್ದು.

"ಲೇ ಪುಂಡ್ಯಾ, ಬಣ್ಣಕ್ಕ ಅಂಟು ಬೇಕು. ಅಂಟಿಲ್ಲಾಂದ್ರ ಬಣ್ಣ ಅರಿವಿ ತುಂಬ ಹರೀತೈತಿ. ಜಾಲಿಗಿಡಕ್ಕ ಹೋಗು, ಗಿಡಕ್ಕ ಹತ್ತಿದ್ದೆಲ್ಲಾ ಬಿಡಿಸಿಕೊಂಡು ಬಾ!"

ಹೋದ. ಬಿಡಿಸಿದ. ತಂದ. ಏನೇನು? ಎರಡು ಉಂಡಿ ಅಂಟು, ಒಂದು ಬುಟ್ಟಿ ಇರುವಿ, ಒಂದು ಓತಿಕ್ಯಾತ, ಗಿಡಕ್ಕ ಮೈ ತಿಕ್ಕತಿದ್ದ ಯಾರದೋ ಆಡು!

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಹಿಂಗ ಕಸ ತರತಾರೇನು? ಮೊದಲ ನೀರಾಗ ನೆನಿಹಾಕಬೇಕು, ಅರಿವ್ಯಾಗ ಸೋಸಬೇಕು, ಮ್ಯಾಲ ಉಳಿದಿದ್ದು ಚೆಲ್ಲಿ ನೀರು ತರಬೇಕು!"

"ಆತು ಯವ್ವಾ, ತಿಳೀತು!"

ತಿಳೀತಂತ! ಮರುದಿನ ಬೀಗರ ಊಟಕ್ಕ ಒಂದು ಸೇರು ಅಕ್ಕಿ ತಾ ಅಂದ್ಲು. ಪುಂಡ್ಯಾ ಬಾವಿಕಟ್ಟಿ ಮ್ಯಾಲ ಕುಂತು ಅಕ್ಕಿ ನೆನಿಹಾಕಿದ, ಧೋತರದಾಗ ಸೋಸಿದ, ಅಕ್ಕಿ ಕೋಳಿಗೆ ಚೆಲ್ಲಿದ, ತಂಬಿಗಿ ತುಂಬ ಬಿಳಿ ನೀರು ತಂದ. ತುಳಜವ್ವ ಹಣಿ ಹಣಿ ಬಡಕೊಂಡ್ಲು.

"ಸಾಕಪ್ಪ! ಅಂಟು ನಾನ ಕಲಸ್ತೀನಿ. ನೀ ಒತ್ತೋದು ಕಲಿ. ಅಚ್ಚು ಅಂಟುಬಣ್ಣದಾಗ ಅದ್ದು, ಅರಿವಿ ಮ್ಯಾಲ ಇಡು, ಮುಷ್ಟೀಲೆ ಗುದ್ದು! ಒಂದರ ಮಗ್ಗಲಕ ಒಂದು, ನಡುವ ಜಾಗಾ ಬಿಡಬ್ಯಾಡ. ನಾ ಸಾಕು ಅನ್ನೂಮಟ ನಿಲ್ಲಸಬ್ಯಾಡ!"

ಶುಕ್ರವಾರ ಬಾಬಣ್ಣ ಬಂದ. ಉಂಡ. ಸೆಕೀಗೆ ಅಂಗಿ ಕಳದು, ಹಾಸಿದ ಸೀರಿ ತುದಿಗೆ ಗ್ವಾಡಿಗೆ ಒರಗಿ ಕುಂತ. ಬಿಸಲಾಗ ನಡದು ಬಂದ ಮೈ, ಹಂಗ ಗೊರಕಿ ಹೊಡದ. ತುಳಜವ್ವ ಅಡಗೀ ಮನ್ಯಾಗ ಪಾತ್ರಿ ತಿಕ್ಕಾಕ ಹೋದ್ಲು.

ಅದ್ದು, ಇಡು, ಗುದ್ದು! ಅದ್ದು, ಇಡು, ಗುದ್ದು! ಸೀರಿ ಮುಗೀತು. ಅವ್ವ ಸಾಕು ಅಂದಿಲ್ಲಲ್ಲ? ಮುಂದ ಮಾವನ ಕಾಲು ಬಂತು. ಧೋತರ ಬಂತು. ಹೊಟ್ಟಿ ಮ್ಯಾಲ ಧಡ್!

"ಅಯ್ಯಯ್ಯೋ! ಏನಲೇ ಇದು!"

"ಅಲಗಾಡಬ್ಯಾಡ್ರಿ ಮಾವಾ, ಸಾಲು ತಪ್ಪತೈತಿ!"

ನಲವತ್ತು ವರ್ಷ ಅಚ್ಚು ಒತ್ತಿದ ಜೀವ. ಸಾಲು ತಪ್ಪತೈತಿ ಅಂದಕೂಡ್ಲೆ ಉಸರು ಬಿಗಿಹಿಡದು ಕುಂತುಬಿಟ್ಟ! ಎದಿ. ಗದ್ದ. ಬೋಳುತಲಿ ನಡುವ ಕಡೇ ಹೂವು, ಧಡ್!

"ಸಾಕೋ!" ಅಂತ ತುಳಜವ್ವ ಓಡಿ ಬಂದ್ಲು. "ಹೋತು! ಕೈಗೆ ಬಂದಿದ್ದು ಬಾಯಿಗೆ ಬರಲಿಲ್ಲ, ಮಗನ ಲಗ್ನ ಹೋತು!"

ಬಾಬಣ್ಣ ಕನ್ನಡಿ ಕೇಳಿದ. ಎದಿ ನೋಡಿಕೊಂಡ, ತಲಿ ನೋಡಿಕೊಂಡ. "ತಂಗೀ, ಅಳಬ್ಯಾಡ. ಬೆವತ ಮೈಮ್ಯಾಲೂ ಬಣ್ಣ ಹರದಿಲ್ಲ, ಅಂಟಂದ್ರ ಇದು ಅಂಟು! ಈ ಡೊಳ್ಳುಹೊಟ್ಟಿ ಮ್ಯಾಲೂ ಸಾಲು ನೆಟ್ಟಗೈತಿ. ಮಗಳ್ನ ಕೊಟ್ಟೆ!"

ತುಳಜವ್ವಗ ಅಳುನೂ ಬಂತು, ನಗುನೂ ಬಂತು. ಮಗನ ಕಡೆ ತಿರುಗಿದ್ಲು. "ಖೋಡಿ, ಇನ್ನರ ಸರಿಯಾಗಿ ಕೇಳು! ಅಚ್ಚು ಬಿದ್ದದ್ದೆಲ್ಲಾ ಒಯ್ದು ಹಳ್ಳದ ಉಸುಕಿನ್ಯಾಗ ಒಣಹಾಕು. ಗಾಳಿಗೆ ಹಾರದಂಗ ನಾಕೂ ತುದಿಗೆ ಕಲ್ಲಿಡು. ಮೂರು ದಿನ ಹನಿ ನೀರು ಸೋಕಿಸಬ್ಯಾಡ, ಅಂಟು ಬಿಡತೈತಿ!"

ಅಂದಾಕಿ ಬೀಗರ ಬಾಯಿ ಸಿಹಿ ಮಾಡಾಕ ಸಕ್ಕರಿ ತರಾಕ ಹೋದ್ಲು. ಬಂದು ನೋಡ್ತಾಳ, ಸೀರೀನೂ ಇಲ್ಲ, ಬೀಗನೂ ಇಲ್ಲ! ಹಳ್ಳಕ್ಕ ಓಡಿದ್ಲು. ಅಲ್ಲಿ ಸುಡು ಬಿಸಲಾಗ ಒಂದು ಕಡೆ ಸೀರಿ ಹಾಸೈತಿ, ಮಗ್ಗಲಕ ಬಾಬಣ್ಣನ್ನ ಹಾಸೈತಿ. ಎರಡೂ ಕೈಮ್ಯಾಲ ಕಲ್ಲು, ಎರಡೂ ಕಾಲಮ್ಯಾಲ ಕಲ್ಲು!

"ನೀರು, ತಂಗೀ! ಇವತ್ತ ಲಗ್ನ ಮಾಡಿಕೊಡ್ತೀನಿ, ಮೊದಲ ಈ ಕಲ್ಲು ತೆಗಸು!"

ಪುಂಡ್ಯಾ ಬಗ್ಗಿ ಮಾವನ ಹೊಟ್ಟಿ ಮುಟ್ಟಿ ನೋಡಿದ.

"ಇವತ್ತ ಹೆಂಗಾಗ್ತೈತ್ರೀ ಮಾವಾ? ನೀವಿನ್ನೂ ಹಸಿ ಅದೀರಿ!"